ನಾಯಿಯ ಕಲ್ಲು, ಹೆಜ್ಜಾರ್ಲೆಯ ಹುಣಸೆಮರ

ನಾನು ಒಬ್ಬಳೇ ಊರೂರು ತಿರುಗೋಕೆ ಶುರು ಮಾಡಿದ್ದು ಒಂದು ನಾಯಿಯಿಂದ. ಕೆಲವು ವರ್ಷಗಳ ಹಿಂದೆ, ಮಳೆ ಬಂತು ಅಂತ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದೊಳಗೆ ನುಗ್ಗಿದ್ದೆ. ಅಲ್ಲೊಂದು ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುತ್ತಿದ್ದವು. ಜೊತೆಗೆ ಹಳಗನ್ನಡದ ಬರಹ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕ್ರಿ.ಶ. 949-50ರದ್ದು.

ಮನೆಗೆ ಬಂದು ಅದರ ಕಥೆ ಓದಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ನಿಂತ ಗಂಗರ ಬೂತುಗ, ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ವೀರ ಮಣಲೇರನಿಗೆ "ಮೆಚ್ಚಿದೆ, ಏನು ಬೇಕೋ ಕೇಳು" ಅಂದರು. ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು! ಆಮೇಲೆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಅಂತ ಭೂಮಿಯನ್ನೂ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಅಂತ ಗೊರವನಿಗೆ, ಅಂದರೆ ಪೂಜೆ ಮಾಡೋ ಶೈವ ಅರ್ಚಕನಿಗೆ, ತಾಕೀತು ಬೇರೆ.

ಆ ಊರು ನೋಡಬೇಕು ಅನ್ನಿಸಿತು. ಮನೆಯಲ್ಲಿ ಹೇಳಿದೆ. "ಕಲ್ಲು ಇಲ್ಲೇ ಬೆಂಗಳೂರಲ್ಲಿದೆ, ಅಲ್ಲಿಗೆ ಹೋಗಿ ಏನು ನೋಡ್ತೀಯ?" ಅಂದರು. ಸರಿಯಾದ ಪ್ರಶ್ನೆಯೇ. ಒಬ್ಬಳೇ ಹೋದೆ.

ಮೊದಲ ಸಲ ಪಾಠ ಆಗಿದ್ದು ಬಸ್ಸಿನಲ್ಲೇ. ಸ್ಯಾಟಲೈಟ್ ನಿಲ್ದಾಣದಲ್ಲಿ ಮೈಸೂರು ಬಸ್ ಹತ್ತಿ ಮದ್ದೂರು ಅಂದುಕೊಂಡು ಕೂತೆ. ಅದು ಬೈಪಾಸಿನಲ್ಲಿ ಹೋಗೋ ಬಸ್ಸು. ಕಂಡಕ್ಟರ್ ಹೈವೇ ಪಕ್ಕ ಇಳಿಸಿದರು. ಬಿಸಿಲಲ್ಲಿ ಬೈದುಕೊಂಡು ನಡೆದೆ. ಈಗ ಹತ್ತೋ ಮುಂಚೆ "ಮದ್ದೂರಿನ ಒಳಗೆ ಹೋಗುತ್ತಾ?" ಅಂತ ಕೇಳದೆ ಕಾಲಿಡಲ್ಲ. ಇಲ್ಲಾಂದ್ರೆ ರೈಲು, ಅದು ಮದ್ದೂರಿನಲ್ಲಿ ನಿಲ್ಲುತ್ತೆ, ವಡೆಯೂ ಸಿಗುತ್ತೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ನನ್ನ ತಿರುಗಾಟ ಜಾಸ್ತಿ ಆಗಿದೆ, ಸುಳ್ಳು ಹೇಳಲ್ಲ. ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ರಾಜಹಂಸದಂಥ ಬಸ್ಸುಗಳಿಗೆ ಅದು ನಡೆಯಲ್ಲ. ದುಡ್ಡು ಉಳಿಯೋದಕ್ಕಿಂತ, ಯಾರ ಹತ್ತಿರವೂ ಕೇಳದೆ ಎದ್ದು ಹೋಗಬಹುದಲ್ಲ, ಅದೇ ದೊಡ್ಡದು.

ಆತಕೂರಿನಲ್ಲಿ ನಾನು ನೋಡಿದ್ದು ಹೆಚ್ಚೇನಿಲ್ಲ. ಈಶ್ವರನ ಗುಡಿ, ಅದರ ಮುಂದಿನ ಜಾಗ. ಅಲ್ಲೇ ಕಟ್ಟೆಯ ಮೇಲೆ ಒಂದು ಗಂಟೆ ಕೂತೆ. ಗುಂಪಿನಲ್ಲಿ ಬಂದಿದ್ದರೆ ಫೋಟೋ ತೆಗೆದು ಹತ್ತು ನಿಮಿಷಕ್ಕೆ ಹೊರಡಿಸುತ್ತಿದ್ದರು. ಬೀದಿಯಲ್ಲಿ ಒಂದು ಕಪ್ಪು ನಾಯಿ ಮಲಗಿತ್ತು. "ಕಾಳಿ" ಅಂದೆ. ಕಿವಿಯನ್ನೂ ಅಲ್ಲಾಡಿಸಲಿಲ್ಲ.

"ಒಬ್ರೇನಾ? ಯಜಮಾನ್ರು ಬರ್ಲಿಲ್ವಾ?" ಈ ಪ್ರಶ್ನೆ ಎಲ್ಲಾ ಊರಲ್ಲೂ ಬರುತ್ತೆ. ಮೊದಮೊದಲು "ಹಿಂದೆ ಬರ್ತಿದ್ದಾರೆ" ಅಂತ ಸುಳ್ಳು ಹೇಳುತ್ತಿದ್ದೆ. ಈಗ "ಕಲ್ಲು ನೋಡೋಕೆ ಬಂದೆ" ಅಂತೀನಿ. ಆಗ ಅವರೇ "ನಮ್ ಹೊಲದಲ್ಲೂ ಒಂದದೆ ಬನ್ನಿ" ಅಂತಾರೆ. ಹಾಗೆ ಕರೆದಾಗ ಮನೆಯ ಹೆಂಗಸರೂ ಜೊತೆಗೆ ಬಂದರೆ ಮಾತ್ರ ಹೋಗ್ತೀನಿ. ಸಂಜೆ ಬಸ್‌ಸ್ಟಾಪಿನಲ್ಲಿ ಕುಡಿದವರು ಯಾರಾದರೂ ಮಾತಿಗೆಳೆದರೆ ಹಳೇ ಸುಳ್ಳನ್ನೇ ಹೇಳ್ತೀನಿ, ಅದರಲ್ಲಿ ನಾಚಿಕೆಯಿಲ್ಲ. ಹಳ್ಳಿಗೆ ಇಳಿದ ಕೂಡಲೇ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಇಬ್ಬರನ್ನು ಕೇಳ್ತೀನಿ, ಅದರ ಹಿಂದಿನದಕ್ಕೇ ಹೊರಡ್ತೀನಿ. ಊರಿನ ಹೆಸರು ತಂಗಿಗೆ ಮೆಸೇಜ್ ಹೋಗಿರುತ್ತೆ.

ಶೌಚಾಲಯದ ವಿಷಯ ಯಾರೂ ಬರೆಯಲ್ಲ. ಅದಕ್ಕೆ ಹೆದರಿ ಇಡೀ ದಿನ ನೀರು ಕುಡಿಯದೆ ಎರಡು ಸಲ ತಲೆನೋವು ಬರಿಸಿಕೊಂಡಿದ್ದೇನೆ. ಈಗ ಪೇಟೆಯಲ್ಲೇ ಹೋಟೆಲ್ಲಿನಲ್ಲಿ ತಿಂಡಿ ತಿಂದು ಅಲ್ಲೇ ಮುಗಿಸಿ ಹಳ್ಳಿ ಬಸ್ಸು ಹತ್ತುತ್ತೇನೆ. ಹಳ್ಳಿಯಲ್ಲಿ ಬೇಕಾದರೆ ಯಾವುದಾದರೂ ಮನೆಯ ಹೆಂಗಸನ್ನು ಕೇಳಿಬಿಡೋದು. ಇಲ್ಲ ಅಂದವರು ಇದುವರೆಗೆ ಯಾರೂ ಇಲ್ಲ.

ಅದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ನಾನು ಮೊದಲು ಹೋಗಿದ್ದು ಸೆಪ್ಟೆಂಬರಿನಲ್ಲಿ. ದಡ್ಡತನ. ಮರಗಳೆಲ್ಲ ಖಾಲಿ. ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿ ನಕ್ಕರು. "ಬಾಣಂತನ ಮುಗಿಸ್ಕಂಡು ಎಲ್ಲಾ ಹೊಂಟೋದ್ವಲ್ಲವ್ವ. ಶಿವರಾತ್ರಿ ಕಳೀಲಿ, ಬಾ." ಇಲ್ಲಿಯವರಿಗೆ ಹೆಜ್ಜಾರ್ಲೆಗಳೂ (ಪೆಲಿಕನ್ ಹಕ್ಕಿಗಳು) ಬಣ್ಣದ ಕೊಕ್ಕರೆಗಳೂ ತವರಿಗೆ ಬಂದ ಹೆಣ್ಣುಮಕ್ಕಳು. ಮರಿ ಮಾಡೋ ಕಾಲದಲ್ಲಿ ಮರ ಮುಟ್ಟಲ್ಲ. ಹಿಂದೆ ಪ್ಲೇಗಿನಿಂದ ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಅಷ್ಟು ಹೊತ್ತಿಗೆ ಊರವರು ಎಷ್ಟೋ ತಲೆಮಾರು ಕಾವಲು ಕಾದಾಗಿತ್ತು.

ಮಾರ್ಚಿನಲ್ಲಿ ಮತ್ತೆ ಹೋದೆ. ಮನೆಗಳ ನಡುವಿನ ಹುಣಸೆಮರದಲ್ಲಿ ಗೂಡಿಗೊಂದು ಜಗಳ. ಮರಿಗಳು ತಾಯಿಯ ಕೊಕ್ಕಿನೊಳಗೆ ತಲೆ ತೂರಿಸಿ ಮೀನು ಕಿತ್ತು ತಿನ್ನುತ್ತಿದ್ದವು. ಬಾಯಿ ಬಿಟ್ಟುಕೊಂಡು ಮರದ ಕೆಳಗೇ ನಿಂತೆ. ಅಜ್ಜಿ ಜಗಲಿಯಿಂದಲೇ ಕೂಗಿದರು, "ಕೊಡೆ ಬಿಚ್ಚವ್ವ!" ನಾನು ಬಿಸಿಲಿಗೆ ಅಂದುಕೊಂಡು, "ಪರವಾಗಿಲ್ಲ ಅಜ್ಜಿ" ಅಂದೆ.

ಎರಡೇ ನಿಮಿಷ. ಅಜ್ಜಿ ಒಂದು ಚೊಂಬು ನೀರು ಹಿಡಿದುಕೊಂಡು ಬಂದರು. "ಒಳ್ಳೆ ಗೊಬ್ಬರ ಕಣವ್ವ" ಅಂತ ನಗುತ್ತಲೇ ನನ್ನ ತಲೆ ತೊಳೆದರು.