ಮ್ಯಾಂಡೆಲ್‌ಬ್ರಾಟ್ ಚಿತ್ರ ಕೊನೆಗೂ ಹಾಡ್ತು

ಮ್ಯಾಂಡೆಲ್‌ಬ್ರಾಟ್ ಸೆಟ್, ಅಂದ್ರೆ ಒಂದು ಚಿಕ್ಕ ಗಣಿತ ಸೂತ್ರದಿಂದ ಹುಟ್ಟೋ ಚಿತ್ರ, ಅದನ್ನ ಸಂಗೀತ ಮಾಡೋಕೆ ಮೂರು ವಾರ ತಲೆ ಕೆಡಿಸ್ಕೊಂಡಿದ್ದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೇಲಿ ಅದನ್ನ ಬರ್ದು, ಒಂದು ಸಾಲಿನ ಒಂದೊಂದು ಪಿಕ್ಸೆಲ್‌ಗೂ ಝಡ್ ಸ್ಕ್ವೇರ್ ಪ್ಲಸ್ ಸಿ ಅನ್ನೋ ಸೂತ್ರ (ಸಿ ಅಂದ್ರೆ ಆ ಪಿಕ್ಸೆಲ್ ಇರೋ ಜಾಗ, ಬಂದ ಉತ್ತರಾನೇ ಮುಂದಿನ ಝಡ್) ಎಷ್ಟು ಸಲ ತಿರುಗಿದ್ಮೇಲೆ ಅದರ ಅಳತೆ 2 ದಾಟುತ್ತೆ ಅಂತ ಎಣಿಸಿ, ಆ ಲೆಕ್ಕಾನೇ ನೇರ ಸದ್ದಿನ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನೋದು) ಮಾಡಿದ್ದೆ, ಕೇಳಿದ್ರೆ ಕೆಟ್ಟ ಮಿಕ್ಸಿ ಸದ್ದು, ಹೆಂಡ್ತಿ ಹೆಡ್‌ಫೋನ್ ತಂದುಕೊಟ್ಲು.

ತಪ್ಪು ಎಲ್ಲಿತ್ತು ಅಂದ್ರೆ, ನಮ್ಮ ಕಿವಿ ಕೇಳೋದು ಅನುಪಾತದಲ್ಲಿ: 220ರಿಂದ 440 ಹರ್ಟ್ಸ್ ಒಂದು ಸ್ಥಾಯಿ, 440ರಿಂದ 880 ಕೂಡ ಒಂದೇ ಸ್ಥಾಯಿ. ಸರಿ, ಎಣಿಕೆಯ ಲಾಗ್ (ಒಂದೇ ಅನುಪಾತಾನ ಒಂದೇ ಅಂತರ ಮಾಡೋ ಲೆಕ್ಕ) ತಗೊಂಡು ಮೋಹನ ರಾಗದ ಐದು ಸ್ವರಕ್ಕೆ, ಸ ರಿ ಗ ಪ ಧ, ಮೂರು ಸ್ಥಾಯಿ ತುಂಬ ಹಂಚಿದೆ. ಪಕ್ಕದ ಪಿಕ್ಸೆಲ್ ಎಷ್ಟೇ ನೆಗೆದಾಡಿದ್ರೂ ಈಗ ಅಪಸ್ವರ ಇಲ್ಲ (ಗಮಕ ಇಲ್ಲದ ಮೋಹನಾನಾ ಅಂತ ಸಂಗೀತದೋರು ಬೈಬೋದು, ಬೈಲಿ).

ಇನ್ನೊಂದು, ಅಳತೆ ಎಂದೂ 2 ದಾಟದ, ಸೆಟ್ ಒಳಗಿನ ಕಪ್ಪು ಭಾಗದಲ್ಲಿ ಲೆಕ್ಕ ಯಾವಾಗ್ಲೂ ನಾನಿಟ್ಟ ಮಿತಿ 500ಕ್ಕೆ ಹೋಗಿ ನಿಲ್ಲೋದು, ಅದಕ್ಕೇ ಅಲ್ಲೆಲ್ಲ ಒಂದು ಉದ್ದ ಕಿರುಚಾಟ ಬರ್ತಿತ್ತು. ಅಲ್ಲಿ ಮೌನ ಇಟ್ಟೆ. ಸ್ವರ ಬದಲಾಗೋವಾಗಿನ ಟಕ್ ಟಕ್ ಸದ್ದಿಗೆ ಎರಡೂ ತುದೀಲಿ 10 ಮಿಲಿಸೆಕೆಂಡ್ ಫೇಡ್ (ಸದ್ದನ್ನ ಮೆಲ್ಲಗೆ ಏರಿಸಿ ಇಳಿಸೋದು) ಸಾಕಾಯ್ತು.

ಈಗ ಸೀಹಾರ್ಸ್ ವ್ಯಾಲಿ, ಅಂದ್ರೆ ಚಿತ್ರದಲ್ಲಿ ಮೈನಸ್ 0.75 ಹತ್ರದ ಸುರುಳಿ ತುಂಬಿದ ಜಾಗ, ಝೂಮ್ ಮಾಡಿ ಹಾಕಿದ್ರೆ ಸುರುಳಿ ಬಂದಾಗೆಲ್ಲ ಅದೇ ಪಲುಕು ಮತ್ತೆ ಬರುತ್ತೆ, ಸ್ವಲ್ಪ ಬೇರೆ ಥರ. ಹಿಂದೆ ತಂಬೂರಿ ಸೇರಿಸೋದು ಬಾಕಿ.