ಸ್ಟ್ರಿಪ್ ಮೇಲಿನ ಎಂಆರ್‌ಪಿ ಸರಿಯಿದೆಯೇ? ನಾನು ತಾಳೆ ನೋಡುವ ಬಗೆ

ಸ್ಟ್ರಿಪ್ ಕೈಗೆ ಬಂದರೆ ನಾನು ಬ್ರಾಂಡ್ ಹೆಸರು ಬಿಟ್ಟು ಹಿಂಬದಿಯ ಸಣ್ಣ ಅಕ್ಷರ ಓದುತ್ತೇನೆ. ಔಷಧಿ ಯಾವುದು, ಎಷ್ಟು ಮಿಲಿಗ್ರಾಂ, ಮಾಮೂಲಿ ಮಾತ್ರೆಯೋ ಎಸ್‌ಆರ್ (ಔಷಧಿಯನ್ನು ನಿಧಾನವಾಗಿ ಬಿಡುವ) ಮಾತ್ರೆಯೋ? ಕೇಂದ್ರ ಸರ್ಕಾರದ 2013ರ ಔಷಧ ಬೆಲೆ ನಿಯಂತ್ರಣ ಆದೇಶ ಗರಿಷ್ಠ ಬೆಲೆ ಕಟ್ಟುವುದು ಈ ಮೂರನ್ನೂ ನೋಡಿ. ಹೀಗೆ ಬೆಲೆ ಕಟ್ಟುವುದು ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದಕ್ಕೆ. ಹೆಸರು ಆ ಪಟ್ಟಿಯಲ್ಲಿದ್ದರೂ ಮಿಲಿಗ್ರಾಂ ಬೇರೆಯಾದರೆ ಆ ಬೆಲೆ ಇದಕ್ಕೆ ಹೊಂದುವುದಿಲ್ಲ. ಎಡವುವುದು ಹೆಚ್ಚಾಗಿ ಇಲ್ಲೇ.

ಮೂರೂ ಹೊಂದಿದರೆ ಎನ್‌ಪಿಪಿಎ (ಔಷಧಿಗಳ ಬೆಲೆ ನಿಗದಿ ಮಾಡುವ ಕೇಂದ್ರದ ಪ್ರಾಧಿಕಾರ) ಬೆಲೆಪಟ್ಟಿ ಅಥವಾ ಅದರ ‘ಫಾರ್ಮಾ ಸಹಿ ದಾಮ್’ ಆ್ಯಪ್ ತೆರೆಯುತ್ತೇನೆ. ಅಲ್ಲಿರುವುದು ಒಂದು ಮಾತ್ರೆಯ ಗರಿಷ್ಠ ಬೆಲೆ, ಅದೂ ಜಿಎಸ್‌ಟಿ ಬಿಟ್ಟು. ಮಾತ್ರೆಗೆ 2 ರೂಪಾಯಿ ಎಂದಿಟ್ಟುಕೊಳ್ಳಿ. 15 ಮಾತ್ರೆಯ ಸ್ಟ್ರಿಪ್‌ಗೆ 30 ರೂಪಾಯಿ, ಶೇ 5 ಜಿಎಸ್‌ಟಿ ಸೇರಿ 31.50. ಸ್ಟ್ರಿಪ್ ಮೇಲೆ 34 ಇದ್ದರೆ 2.50 ಹೆಚ್ಚು. ತೆರಿಗೆ ಸೇರಿಸದೆ ಹೋಲಿಸಿದರೆ ತಪ್ಪಿಲ್ಲದ ಕಡೆಯೂ ತಪ್ಪು ಕಾಣುತ್ತದೆ.

ಈ 2 ರೂಪಾಯಿ ಬರುವುದು ಹೇಗೆಂದು ಗೊತ್ತಿದ್ದರೆ ತಾಳೆ ನೋಡುವುದು ಸುಲಭ. ಆ ಔಷಧಿಯ ಮಾರುಕಟ್ಟೆಯಲ್ಲಿ ಶೇ 1ಕ್ಕಿಂತ ಕಡಿಮೆಯಿಲ್ಲದ ಪಾಲಿರುವ ಎಲ್ಲ ಬ್ರಾಂಡ್‌ಗಳು ಅಂಗಡಿಗೆ ಬೀಳುವ ಬೆಲೆಯ ಸರಾಸರಿ ತೆಗೆದು, ಅಂಗಡಿಯವರ ಲಾಭವೆಂದು ಶೇ 16 ಕೂಡಿಸುತ್ತಾರೆ. 10, 14, 36 ರೂಪಾಯಿಯ ಮೂರು ಬ್ರಾಂಡ್ ಇದ್ದರೆ ಸರಾಸರಿ 20, ಗರಿಷ್ಠ ಬೆಲೆ 23.20. ದುಬಾರಿ ಬ್ರಾಂಡ್ ಒಂದೇ ಸರಾಸರಿಯನ್ನು ಮೇಲಕ್ಕೆಳೆಯುತ್ತದೆ. ತಯಾರಿಕಾ ವೆಚ್ಚದ ಲೆಕ್ಕವೇ ಇದರಲ್ಲಿಲ್ಲ. 1995ರ ಆದೇಶದಲ್ಲಿ ಇತ್ತು. ನನ್ನ ಮಟ್ಟಿಗೆ ಈ ಪದ್ಧತಿಯ ದೊಡ್ಡ ಕೊರತೆ ಇದೇ.

ಹಾಗೆಂದು 10 ರೂಪಾಯಿಯ ಬ್ರಾಂಡ್ 23.20ಕ್ಕೆ ಜಿಗಿಯುವಂತಿಲ್ಲ. ಗರಿಷ್ಠಕ್ಕಿಂತ ಕೆಳಗಿರುವವರು ಇದ್ದ ಬೆಲೆಯನ್ನೇ ಉಳಿಸಿಕೊಂಡು, ಏಪ್ರಿಲ್‌ನಲ್ಲಿ ಪ್ರಕಟವಾಗುವ ಸಗಟು ಬೆಲೆ ಸೂಚ್ಯಂಕದ ವಾರ್ಷಿಕ ಏರಿಕೆಯ ಮಟ್ಟಿಗೆ ಮಾತ್ರ ಏರಿಸಬಹುದು. 2023ರಲ್ಲಿ ಅದು ಶೇ 12.1218 ಇತ್ತು, 2024ರಲ್ಲಿ ಬರೀ ಶೇ 0.00551. ಆದ್ದರಿಂದ ಹಳೆಯ ಬಿಲ್ ಎಸೆಯುವುದಿಲ್ಲ. ಗರಿಷ್ಠದೊಳಗಿದ್ದೂ ನಿಯಮ ಮೀರಿದ ಏರಿಕೆ ಸಿಕ್ಕಿಬೀಳುವುದು ಅದರಿಂದಲೇ.

ಅಗತ್ಯ ಔಷಧಿಗಳ ಪಟ್ಟಿಯಲ್ಲಿಲ್ಲದ ಔಷಧಿಗೆ ಮಿತಿ ಒಂದೇ: 12 ತಿಂಗಳಲ್ಲಿ ಶೇ 10ಕ್ಕಿಂತ ಹೆಚ್ಚು ಏರಿಸಬಾರದು. ಮಾರುಕಟ್ಟೆಗೆ ಬರುವ ದಿನವೇ ಎಂಆರ್‌ಪಿ ಎತ್ತರದಲ್ಲಿಟ್ಟರೆ ಈ ನಿಯಮ ಏನೂ ಮಾಡದು. ಎರಡು ಔಷಧಿ ಕೂಡಿಸಿದ ಮಾತ್ರೆಗಳಿಗೆ ಎನ್‌ಪಿಪಿಎ ಪ್ರಕಟಿಸುವ ಚಿಲ್ಲರೆ ಬೆಲೆ ಅರ್ಜಿ ಹಾಕಿದ ಕಂಪನಿಗಷ್ಟೇ ಸೇರಿದ್ದು. ಅದನ್ನು ಹಿಡಿದು ಬೇರೆ ಬ್ರಾಂಡ್ ಮೇಲೆ ದೂರು ಕೊಟ್ಟರೆ ನಿಲ್ಲುವುದಿಲ್ಲ.

2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಔಷಧಿಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಹಳೆಯ ಎಂಆರ್‌ಪಿ ಮುದ್ರಿತವಾದ ದಾಸ್ತಾನಿಗೆ ನಾನು 105ರಿಂದ ಗುಣಿಸಿ 112ರಿಂದ ಭಾಗಿಸುತ್ತೇನೆ: 112 ರೂಪಾಯಿಯದು 105 ಆಗಬೇಕು. ನೇರವಾಗಿ ಶೇ 7 ಕಳೆದರೆ 104.16 ಬಂದು ಲೆಕ್ಕ ತಪ್ಪುತ್ತದೆ. “ಸ್ಟ್ರಿಪ್ ಮೇಲೆ ಇಷ್ಟೇ ಇದೆಯಲ್ಲ” ಎಂಬ ಉತ್ತರ ಸಲ್ಲದು; 2013ರ ಆದೇಶದ ಪ್ಯಾರಾ 26ರ ಪ್ರಕಾರ ಕಂಪನಿಯ ಚಾಲ್ತಿ ಬೆಲೆಪಟ್ಟಿ ಮತ್ತು ಲೇಬಲ್, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಪಡೆಯುವಂತಿಲ್ಲ.

ವ್ಯತ್ಯಾಸ ಖಚಿತವಾದರೆ ಎನ್‌ಪಿಪಿಎಯ ಆನ್‌ಲೈನ್ ದೂರು ವ್ಯವಸ್ಥೆ ‘ಫಾರ್ಮಾ ಜನ್ ಸಮಾಧಾನ್’ನಲ್ಲಿ ದೂರು ದಾಖಲಿಸುತ್ತೇನೆ. ಬಿಲ್, ಬ್ಯಾಚ್ ನಂಬರ್, ತಯಾರಿಕೆ ತಿಂಗಳು, ಎಂಆರ್‌ಪಿ ಕಾಣುವ ಫೋಟೊ ಜೊತೆಗಿರಬೇಕು. ಬ್ಯಾಚ್ ಮತ್ತು ಎಂಆರ್‌ಪಿ ಹೆಚ್ಚಾಗಿ ಸ್ಟ್ರಿಪ್‌ನ ಒಂದೇ ತುದಿಯಲ್ಲಿರುತ್ತವೆ. ಆ ತುದಿಯಿಂದ ಮಾತ್ರೆ ಕತ್ತರಿಸಿದರೆ ಪುರಾವೆಯೂ ಹೋಯಿತು, ಹಾಗಾಗಿ ಇನ್ನೊಂದು ತುದಿಯಿಂದ ಶುರು ಮಾಡಿ. ಕಂಪನಿ ಹೆಚ್ಚಾಗಿ ಪಡೆದ ಹಣ ಬಡ್ಡಿಸಮೇತ ಸರ್ಕಾರಕ್ಕೆ ಸೇರುತ್ತದೆ, ಕೊಂಡ ರೋಗಿಯ ಕೈಗೆ ಬರುವುದಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ದೂರು ಕೊಡುವುದನ್ನು ಬಿಟ್ಟಿಲ್ಲ.