ಅಪ್ಪನ ಬೈರಾಸು, ನನ್ನ ಕಪ್ಪು ಕಾರು

ಕಪ್ಪು ಕಾರು ಬೇಡ ಮಾರಾಯ ಅಂತ ಎಷ್ಟು ಜನ ಹೇಳಿದರೂ ನಾನು ಕೇಳಲಿಲ್ಲ. ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಡಾಮರು ರಸ್ತೆ ಬಿಟ್ಟರೆ ಅಂಗಳದವರೆಗೆ ಕೆಂಪು ಮುರ ಮಣ್ಣಿನ ದಾರಿ. ತಲಪಾಡಿಯಿಂದ ಈಚೆ ಹೆದ್ದಾರಿ ಅಗಲ ಮಾಡುತ್ತಿದ್ದ ದಿನಗಳಲ್ಲಿ ಮಂಗಳೂರಿಗೆ ಹೋಗಿ ಬಂದರೆ ಕಾರು ಕಪ್ಪೋ ಕಾವಿಯೋ ಗೊತ್ತಾಗುತ್ತಿರಲಿಲ್ಲ.

ಆ ಧೂಳನ್ನು ಅಪ್ಪ ದಿನಾ ಬೆಳಗ್ಗೆ ಒರೆಸುತ್ತಿದ್ದರು. ನೀರಿಲ್ಲ, ಏನಿಲ್ಲ. ಹೆಗಲ ಮೇಲಿನ ಬೈರಾಸು ತೆಗೆದು ಬಾನೆಟ್ಟಿನ ಮೇಲೆ ಗರಗರ ಉಜ್ಜುವುದು. ಪ್ರೀತಿಯಿಂದಲೇ. ಒಂದು ವರ್ಷ ಕಳೆಯುವಷ್ಟರಲ್ಲಿ ಬಿಸಿಲಿಗೆ ನಿಲ್ಲಿಸಿದರೆ ಇಡೀ ಕಾರಿನ ಮೇಲೆ ಜೇಡನ ಬಲೆ ಕಾಣತೊಡಗಿತು. ಇದಕ್ಕೇ ಸ್ವರ್ಲ್ ಮಾರ್ಕ್ ಅನ್ನುವುದು. ಗೆರೆಗಳು ನಿಜವಾಗಿ ಸುತ್ತಲೂ ಸುತ್ತಿರುವುದಿಲ್ಲ, ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡವಾಗಿ ಇರುವವು ಮಾತ್ರ ಮಿನುಗುವುದರಿಂದ ಸೂರ್ಯನ ಸುತ್ತ ಬಳೆ ಹಾಕಿದ ಹಾಗೆ ತೋರುತ್ತದೆ. ರಾತ್ರಿ ಮೊಬೈಲ್ ಟಾರ್ಚ್ ಹಿಡಿದರೂ ಅದೇ ಕಥೆ.

ಮೊದಲು ನಾನು ಮಾಡಿದ ತಪ್ಪು, ಒಂದು ಅಂಗಡಿಗೆ 'ರಬ್ಬಿಂಗ್ ಪಾಲಿಶ್'ಗೆ ಕೊಟ್ಟದ್ದು. ಸಂಜೆ ಕಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾಲ್ಕು ಸಲ ತೊಳೆದ ಮೇಲೆ ಹಳೆಯ ಗೆರೆಗಳು ವಾಪಸ್ ಬಂದವು. ಜೊತೆಗೆ ಹೊಸತಾಗಿ ಅಲೆಅಲೆಯಾದ ನೆರಳುಗಳು! ಕಾರಣ ಆಮೇಲೆ ತಿಳಿಯಿತು. ಕೆಲವು ಪಾಲಿಶ್‌ಗಳಲ್ಲಿ ಎಣ್ಣೆ, ಫಿಲ್ಲರ್ ಜಾಸ್ತಿ. ಅವು ಗೆರೆಯನ್ನು ತೆಗೆಯುವುದಿಲ್ಲ, ತುಂಬಿ ಮುಚ್ಚುತ್ತವೆ ಅಷ್ಟೇ. ನಾಲ್ಕು ತೊಳೆತಕ್ಕೆ ಅದು ಹೋಗಿಬಿಡುತ್ತದೆ. ಅಲೆಯಂಥ ಗುರುತು ರೋಟರಿ ಯಂತ್ರದ್ದು. ಅದು ಒಂದೇ ಅಚ್ಚಿನ ಮೇಲೆ ಗಿರ್ರನೆ ತಿರುಗುತ್ತದೆ. ಪಳಗಿದ ಕೈಯಲ್ಲಿ ಅದ್ಭುತ, ಅವಸರದ ಕೈಯಲ್ಲಿ ಹೀಗೆ.

ಹಾಗಾಗಿ ನಾನು ತರಿಸಿದ್ದು ಡಿ.ಎ., ಅಂದರೆ ಡ್ಯುಯಲ್ ಆಕ್ಷನ್ ಪಾಲಿಶರ್. 15 ಮಿಲಿಮೀಟರ್ ಥ್ರೋ (ಓಲಾಟದ ಅಗಲ), ಪ್ಯಾಡ್ ಅಂಟಿಸುವ 5 ಇಂಚಿನ ಪ್ಲೇಟ್. ಇದರ ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಓಲಾಡುತ್ತದೆ. ಜೋರಾಗಿ ಒತ್ತಿದರೆ ತಿರುಗುವುದನ್ನೇ ನಿಲ್ಲಿಸುತ್ತದೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಪ್ಲೇಟಿನ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆದಿಟ್ಟುಕೊಳ್ಳಿ. ಗೆರೆ ತಿರುಗುವುದು ಕಂಡರೆ ಕೆಲಸ ನಡೀತಾ ಇದೆ, ಸುಮ್ನೆ ಒಂದೇ ಕಡೆ ನಡುಗಿದರೆ ಒತ್ತಡ ಹೆಚ್ಚಾಯಿತು ಅಂತ ಅರ್ಥ.

ಪಾಲಿಶ್ ಆರಿಸುವಾಗ ನನಗೆ ಭಯ ಇತ್ತು. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಅದರ ದಪ್ಪ ಸಾಧಾರಣವಾಗಿ 35ರಿಂದ 50 ಮೈಕ್ರಾನ್. ತಲೆಕೂದಲಿಗಿಂತ ತೆಳು. ಪಾಲಿಶ್ ಅಂದರೆ ಅದರಲ್ಲೇ ಒಂಚೂರು ಸವೆಸುವುದು. ಸುತ್ತಲಿನ ಮಟ್ಟ ಇಳಿದಾಗ ಗೆರೆ ಮಾಯ. ಸವೆದದ್ದು ತಿರುಗಿ ಬರುವುದಿಲ್ಲ. ಉಗುರಿಗೆ ಸಿಕ್ಕುವಷ್ಟು ಆಳದ ಗೀರನ್ನು ಪೂರ್ತಿ ತೆಗೆಯಲು ಹೊರಟರೆ ಕೋಟೇ ಹೋದೀತು. ಎಡಬಾಗಿಲಲ್ಲಿ ಅಡಿಕೆ ಹೆಡಿಗೆ ತಾಗಿದ ಒಂದು ಗೀರು ಉಂಟು. ಅದನ್ನು ಮುಟ್ಟಲೇ ಇಲ್ಲ.

ನಾನು ತಂದದ್ದು ಮೆಗಯರ್ಸ್‌ನ ಎರಡು ಬಾಟ್ಲಿ. 105 ಜೋರಾಗಿ ಸವೆಸುವ ಕಾಂಪೌಂಡ್, 205 ನಯಗೊಳಿಸುವ ಫಿನಿಶಿಂಗ್ ಪಾಲಿಶ್. ನಂಬರ್ ನೋಡಿ ಮೋಸ ಹೋಗಬೇಡಿ, ಒಂದೊಂದು ಕಂಪೆನಿಯದ್ದು ಒಂದೊಂದು ಲೆಕ್ಕ. ಮೆನ್ಜರ್ನಾದಲ್ಲಿ 400 ಜೋರು, 2500 ಮಧ್ಯಮ, 3800 ತೀರಾ ನಯ.

ಪಾಲಿಶ್ ಮುಟ್ಟುವ ಮೊದಲಿನ ಕೆಲಸವೇ ಅರ್ಧ ದಿನ ತಿಂದಿತು. ಶಾಂಪೂ ಹಾಕಿ ತೊಳೆದು, ನೀರು ಜಾರುವಾಗಲೇ ಕ್ಲೇ ಬಾರ್ (ಬಣ್ಣಕ್ಕೆ ಅಂಟಿದ ಕೊಳೆ ಎಳೆದು ತೆಗೆಯುವ ಜೇಡಿಮಣ್ಣಿನಂಥ ಮುದ್ದೆ) ಉಜ್ಜಿದೆ. ಕ್ಲೇ ಕೈತಪ್ಪಿ ನೆಲಕ್ಕೆ ಬಿದ್ದರೆ ಬಿಸಾಡಿ. ನನ್ನದು ಒಂದು ತುಂಡು ಬಿತ್ತು, ಜಿಪುಣತನ ಮಾಡಲು ಹೋಗಿ ಕೊನೆಗೂ ಬಿಸಾಡಿದೆ. ಮುರದ ಹರಳು ಒಂದು ಅಂಟಿದ್ದರೂ ಸಾಕಲ್ವಾ?

ನಮ್ಮ ಕಡೆಯವರಿಗೆ ಇನ್ನೊಂದು ತಾಪತ್ರಯ ಉಂಟು. ಮಳೆಗಾಲದ ಮೊದಲು ತೋಟಕ್ಕೆ ಮದ್ದು ಬಿಡುವಾಗ ಬೋರ್ಡೋ ದ್ರಾವಣದ ಹನಿ ಕಾರಿನ ಮೇಲೆ ಬೀಳುವುದು. ಮೈಲುತುತ್ತು, ಸುಣ್ಣ ಎರಡೂ ಇರುವುದರಿಂದ ಒಣಗಿದರೆ ನೀಲಿ-ಬಿಳಿ ಚುಕ್ಕೆ ಗಟ್ಟಿಯಾಗಿ ಕೂತುಬಿಡುತ್ತದೆ. ಶಾಂಪೂವಿಗೆ ಅದು ಜಗ್ಗಲಿಲ್ಲ. ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಒದ್ದೆ ಮಾಡಿ ಒಂದು ನಿಮಿಷ ಇಟ್ಟು ತೊಳೆದೆ. ಸುಣ್ಣ ಕರಗಿ ಬಂತು. ಒಂದೆರಡು ಚುಕ್ಕೆಯ ನೆರಳು ಉಳಿಯಿತು. ಅದನ್ನು ಪಾಲಿಶ್‌ಗೆ ಬಿಟ್ಟೆ.

ಆಮೇಲೆ ಅಂಚುಗಳಿಗೆ, ರಬ್ಬರಿಗೆ, ಕಪ್ಪು ಪ್ಲಾಸ್ಟಿಕ್ಕಿಗೆ ಮಾಸ್ಕಿಂಗ್ ಟೇಪ್. ಬಾಡಿಯ ಮಡಿಕೆಗಳಲ್ಲಿ, ಅಂಚುಗಳಲ್ಲಿ ಬಣ್ಣ ತೆಳುವಾಗಿರುತ್ತದೆ, ಯಂತ್ರ ಒತ್ತುವುದೂ ಅಲ್ಲೇ ಹೆಚ್ಚು.

ಪರೀಕ್ಷೆಗೆ ಡಿಕ್ಕಿಯ ಮೇಲೆ ಒಂದೂವರೆ ಅಡಿ ಚೌಕ ಗುರುತು ಮಾಡಿದೆ. ಕೈ 105ರ ಕಡೆಗೇ ಹೋಗುತ್ತಿತ್ತು, ತಡೆದುಕೊಂಡೆ. ಮೊದಲು ಮೆತ್ತಗಿನ ಫಿನಿಶಿಂಗ್ ಪ್ಯಾಡ್, 205. ಕಡಲೆಕಾಳಿನಷ್ಟು ದೊಡ್ಡ ನಾಲ್ಕು ಹನಿ. ಕಡಿಮೆ ಸ್ಪೀಡಿನಲ್ಲಿ ಹರಡಿ, ಆಮೇಲೆ 4-5ಕ್ಕೆ ಏರಿಸಿ, ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಒಮ್ಮೆ ಅಂತ ನಾಲ್ಕೈದು ಸುತ್ತು. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಮುಚ್ಚಬೇಕು. ಕೈ ಓಡಿಸಬಾರದು. ಸೆಕೆಂಡಿಗೆ ಒಂದಿಂಚು ಅಂದುಕೊಳ್ಳಿ. ಒರೆಸಿ ಟಾರ್ಚ್ ಹಿಡಿದರೆ ಅರ್ಧ ಗೆರೆ ಹಾಗೇ ಇದ್ದವು.

ಆಗ ಪಾಲಿಶ್ ಬದಲಿಸಲಿಲ್ಲ, ಪ್ಯಾಡ್ ಬದಲಿಸಿದೆ. ಅದೇ 205, ಸ್ವಲ್ಪ ಗಟ್ಟಿ ಇರುವ ಪಾಲಿಶಿಂಗ್ ಫೋಮ್. ಈ ಬಾರಿ ಟಾರ್ಚಿನ ಬೆಳಕಲ್ಲಿ ಬಲೆ ಬಹುಪಾಲು ಮಾಯ! ನಿಜವಾಗಿ ಹೋಯಿತೋ, ಎಣ್ಣೆಯ ಮುಸುಕೋ ಎಂಬ ಸಂಶಯಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸಿ ಒರೆಸಿದೆ. ಎಣ್ಣೆ ಹೋಯಿತು, ಹೊಳಪು ಉಳಿಯಿತು. ಅಂಗಡಿಯಲ್ಲಿ ಅಂದು ಇದೊಂದನ್ನು ಮಾಡಿ ನೋಡಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಬಾನೆಟ್ಟಿಗೆ, ಅಪ್ಪ ದಿನಾ ಉಜ್ಜಿದ ಜಾಗಕ್ಕೆ ಮಾತ್ರ, 105 ಬೇಕಾಯಿತು. ಅದರ ಮೇಲೆ ಮತ್ತೆ 205. ಜೋರಾದ ಕಾಂಪೌಂಡ್ ತನ್ನದೇ ಮಂಜು ಬಿಟ್ಟುಹೋಗುತ್ತದೆ, ಕಪ್ಪಿನ ಮೇಲೆ ಅದು ಎದ್ದು ಕಾಣುತ್ತದೆ.

ಎರಡು ಶನಿವಾರ ಹಿಡಿಯಿತು. ಮೊದಲ ಶನಿವಾರ ಮಧ್ಯಾಹ್ನ ಶೀಟಿನ ಮಾಡಿನ ಕೆಳಗೆ ಕೆಲಸ ಮಾಡಿ ಪೆಟ್ಟು ತಿಂದೆ. ಅಂಗಳದಲ್ಲಿ ಅಡಿಕೆ ಒಣಹಾಕಿದ್ದರಿಂದ ಬೇರೆ ಜಾಗ ಇರಲಿಲ್ಲ. ಬಿಸಿಗೆ ಪಾಲಿಶ್ ಒಣಗಿ ಸುಣ್ಣದ ಹಾಗೆ ಹುಡಿಯಾಯಿತು. ಟೇಪ್ ಹಾಕಲು ಮರೆತ ರಬ್ಬರಿನ ಸಂದಿಯಿಂದ ಅದನ್ನು ಹಳೆಯ ಟೂತ್‌ಬ್ರಷ್ಷಿನಲ್ಲಿ ಕೆರೆದು ತೆಗೆಯಬೇಕಾಯಿತು. ಮರುವಾರ ಬೆಳಗ್ಗೆ ಆರಕ್ಕೇ ಶುರು ಮಾಡಿದೆ. ಪ್ರತಿ ಚೌಕ ಮುಗಿದಾಗ ಪ್ಯಾಡನ್ನು ಬ್ರಷ್ಷಿನಿಂದ ಕೆದಕಿ ಸ್ವಚ್ಛ ಮಾಡಿದೆ. ಪ್ಲಾಸ್ಟಿಕ್ ಬಂಪರಿನಲ್ಲಿ ಕಾವು ಬೇಗ ಇಳಿಯುವುದಿಲ್ಲವಾದ್ದರಿಂದ ಅಲ್ಲಿ ಸ್ಪೀಡ್ ಕಡಿಮೆ ಮಾಡಿದೆ.

ಮಾವನ ಹಳೆಯ ಬಿಳಿ ಕಾರಿಗೂ ಕೈ ಹಾಕಿದೆ. ಪ್ಯಾಡ್ ಬೆಳ್ಳಗಾಯಿತು. "ಎಂತ, ಬಣ್ಣವೇ ಕಿತ್ತು ಬರ್ತಾ ಉಂಟಲ್ಲ!" ಅಂತ ಮಾವ ಗಾಬರಿಯಾದರು. ಅದಕ್ಕೆ ಕ್ಲಿಯರ್ ಕೋಟೇ ಇರಲಿಲ್ಲ, ಅಂಥವುಗಳಲ್ಲಿ ಪ್ಯಾಡಿಗೆ ಬಣ್ಣ ಹತ್ತುವುದು ಸಹಜ. ಆದರೂ ಎರಡು ಸುತ್ತಿಗೇ ನಿಲ್ಲಿಸಿದೆ.

ಕಷ್ಟವಾದದ್ದು ಅಪ್ಪನಿಗೆ ಹೇಳುವುದು. ಟಾರ್ಚ್ ಹಿಡಿದು, ಪಾಲಿಶ್ ಮಾಡಿದ ಅರ್ಧ, ಮಾಡದ ಅರ್ಧ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹಾಗಾದರೆ ನಾನು ಒರೆಸಿದ್ದೇ ತಪ್ಪೋ?" ಅಂದರು. ಧೂಳು ಒಣಗಿದ್ದಾಗ ಮಾತ್ರ ಅಪ್ಪ, ಅಂದೆ. ಈಗ ಅವರೇ ಪೈಪ್ ಹಿಡಿದು ಮಣ್ಣನ್ನು ಇಳಿಸುತ್ತಾರೆ. ಆಮೇಲೆ ನಾನು ಎರಡು ಬಾಲ್ದಿ ಇಟ್ಟುಕೊಂಡು, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಗವಸು ಜಾಲಿಸಲು ಬರೀ ನೀರು, ಮೇಲಿನಿಂದ ಕೆಳಕ್ಕೆ ತೊಳೆಯುತ್ತೇನೆ. ಬೈರಾಸಿನ ಬದಲು ದಪ್ಪ ಮೈಕ್ರೋಫೈಬರ್. ಅದನ್ನು ಅಮ್ಮ ಅಡುಗೆಮನೆಗೆ ಒಯ್ಯದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಕೆಲಸ.

ಒಂದು ಮಳೆಗಾಲ ಕಳೆಯಿತು. ಬಾನೆಟ್ಟಿನ ಮೇಲೆ ನಾಲ್ಕಾರು ಹೊಸ ಗೆರೆ ಕಾಣುತ್ತಿವೆ. ಈ ಸಲ 205 ಸಾಕಾದೀತು. 105ರ ಬಾಟ್ಲಿಯಲ್ಲಿ ಮುಕ್ಕಾಲು ಭಾಗ ಹಾಗೇ ಉಂಟು, ಯಾರಿಗಾದರೂ ಬೇಕಿದ್ದರೆ ಬಂದು ತಗೊಂಡು ಹೋಗಬಹುದು.